ಹೊಗೆಮನೆಯ ಬಾವೋ ಅಕ್ಕ ಕಚ್ಚಿ ನೋಡಿದ ಬೇರು

ಬೆಳಗಿನ ಐದೂವರೆ. ಮಿನ್‌ಶಿಯಾನ್ ಪೇಟೆಯ ಹೆಂಚುಗಳ ಮೇಲಿನ ಹಿಮ ಇನ್ನೂ ಕರಗಿಲ್ಲ. ಬಾವೋ ಯಿನ್‌ಲಿಯಾನ್ ಹೊಗೆಮನೆಯಲ್ಲಿ ಕುಕ್ಕರಗಾಲಲ್ಲಿ ಕೂತು ಬೆಂಕಿಯನ್ನು ಬೈಯುತ್ತಿದ್ದಾರೆ.

"ಏಯ್, ತಲೆ ಎತ್ತಿದ್ಯೋ, ನೀರು ಸುರೀತೀನಿ!"

ಬೆಂಕಿ ತಗ್ಗುತ್ತದೆ. ಇಲ್ಲಿ ಅದು ಉರಿಯುವಂತಿಲ್ಲ, ಹಸಿ ಸೌದೆಯಲ್ಲಿ ಹೊಗೆಯಾಡಬೇಕಷ್ಟೆ. ಮೇಲಿನ ಅಟ್ಟಗಳಲ್ಲಿ ಎರಡು ಸಾವಿರ ಕಟ್ಟು ದಾಂಗ್‌ಗ್ವೀ ಬೇರು ಹದಿನೈದು ದಿನ ಹಗಲಿರುಳೂ ಒಣಗುತ್ತದೆ. ಒಮ್ಮೆ ಜ್ವಾಲೆ ಎದ್ದರೆ ಬಾಣಂತಿಯರ ಔಷಧವೆಲ್ಲ ಇದ್ದಿಲು.

ಐವತ್ತೆಂಟರ ಈಕೆಗೆ ಈ ಕೆಲಸ ಕಲಿಸಿದ್ದು ಈಗಿಲ್ಲದ ಅತ್ತೆ. ಮೂವತ್ತಾರು ವರ್ಷದ ಹೊಗೆಯಿಂದ ಕಣ್ಣು ಸದಾ ಕೆಂಪು. "ಅತ್ತೇನ ನೆನೆಸ್ಕೊಂಡು ಅಳ್ತಿದಾಳೆ ಅಂತ ಜನ ಹೊಗಳ್ತಾರೆ. ನಾನೂ ಸುಮ್ನಿರ್ತೀನಿ" ಎನ್ನುತ್ತಾರೆ. ಗಂಡನ ದೂರೇ ಬೇರೆ: "ಇವಳು ತೊಳೆದ ಬಟ್ಟೇನೂ ಕಷಾಯದ ವಾಸ್ನೆ. ನಮ್ಮನೆ ಇಲಿಗಳಿಗೆ ಒಂದು ದಿನಾನೂ ನೆಗಡಿ ಬಂದಿದ್ದು ನಾ ಕಾಣೆ."

ಹೋದ ವರ್ಷ ಈಕೆಯ ಕೆಲಸಕ್ಕೇ ಕುತ್ತು ಬಂದಿತ್ತು. ಹೊಗೆಮನೆಯ ಯಜಮಾನ ಝೈ, ಯಾರಿಂದಲೋ ಅಗ್ಗಕ್ಕೆ ಹತ್ತು ಮೂಟೆ ಬೇರು ಕೊಂಡು ತಂದು ತಮ್ಮ ಮಾಲಿನ ಪಕ್ಕದಲ್ಲೇ ಇಟ್ಟಿದ್ದರು. ಬೇರು ಕೊಳ್ಳಲು ದೂರದ ಗುವಾಂಗ್‌ಝೌ ನಗರದಿಂದ ಬಂದ ಔ ಎಂಬ ವ್ಯಾಪಾರಿ ಮಹಿಳೆ ಚಹಾ ಕುಡಿಯುತ್ತಾ ಕೂತಿದ್ದರು. ಬಾವೋ ಒಂದು ಮೂಟೆಯಿಂದ ಬೇರು ತೆಗೆದು ಮೂಸಿದರು, ಕಚ್ಚಿದರು, ಉಗಿದರು.

"ಝೈ ಅಣ್ಣ, ಇದು ದಾಂಗ್‌ಗ್ವೀ ಅಲ್ಲ. ಅದರ ಷಡ್ಡಕ. ನಾಲಿಗೆ ಜೋಮು ಹಿಡೀತಿದೆ."

"ನಿನ್ ನಾಲಿಗೇನೇ ಸರಿ ಇಲ್ಲ! ಬಾಯ್ಮುಚ್ಚು, ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ."

"ಬರಲ್ಲ ಬಿಡಿ. ಆದ್ರೆ ಹೆತ್ತು ಮಲಗಿರೋ ಹೆಣ್ಣಿನ ಸಾರಿಗೆ ಇದನ್ನ ಹಾಕಕ್ಕೆ ಬಿಡಲ್ಲ."

ಮಾನ ಉಳಿಸಿಕೊಳ್ಳಲು ಝೈ ಅದೇ ಬೇರನ್ನು ಅರ್ಧ ಮುರಿದು ಬಾಯಿಗೆ ಹಾಕಿಕೊಂಡು, ಚೆನ್ನಾಗಿ ಅಗಿದು ನುಂಗಿದರು. ಆಮೇಲೆ ಎದೆಯುಬ್ಬಿಸಿ ವ್ಯಾಪಾರಿಯತ್ತ ತಿರುಗಿದರು.

"ಅಮ್ಮಾ, ಇದು ಅತಲಿ... ಅತಲಿ ಮಾಲು!"

'ಅಸಲಿ'ಯ 'ಸ' ಎನ್ನಲು ಜೋಮು ಹಿಡಿದ ನಾಲಿಗೆ ಹೊರಳಲಿಲ್ಲ. ಔ ಅವರ ಚಹಾ ಮೂಗಿಗೇರಿತು. ನಕ್ಕು ಸುಸ್ತಾದ ಮೇಲೆ ಆ ಹತ್ತು ಮೂಟೆ ಬಿಟ್ಟು, ಬಾವೋ ಹೊಗೆ ಹಾಕಿದ್ದನ್ನೆಲ್ಲ ಕೊಂಡರು. ಜೊತೆಗೊಂದು ಷರತ್ತು: "ಮುಂದಿನ ವರ್ಷವೂ ಈ ಅಕ್ಕ ಇದ್ದರೆ ಮಾತ್ರ ಬರ್ತೀನಿ."

ಝೈ ಎಂಟು ದಿನ ಬಾವೋ ಜೊತೆ ಮಾತಾಡಲಿಲ್ಲ. "ಮಾತಾಡಕ್ಕೆ ನಾಲಿಗೆ ಬೇಕಲ್ಲ!" ಎಂದು ಈಕೆ ಕೋಟಿನ ತೋಳಿನಲ್ಲೇ ಬಾಯಿ ಮುಚ್ಚಿ ನಗುತ್ತಾರೆ. ಒಂಬತ್ತನೆಯ ದಿನ ಆತನೇ ಬಿಸಿ ಬನ್ನು ತಂದು ಒಲೆಯ ಪಕ್ಕ ಇಟ್ಟು ಹೋದರಂತೆ.

ಆಸೆ ಏನಾದರೂ ಇದೆಯೇ ಎಂದರೆ ಬೆಂಕಿಗೆ ಇನ್ನೊಂದು ಹಸಿ ಸೌದೆ ತುರುಕುತ್ತಾರೆ.

"ಗುವಾಂಗ್‌ಝೌಗೆ ಒಂದ್ಸಲ ಹೋಗ್ಬೇಕು. ಯಾರಾದ್ರೂ ಬಾಣಂತಿ ಮನೇಲಿ ಕೂತು, ನಮ್ಮ ಬೇರಿನ ಸಾರು ಹೇಗಿದೆ ಅಂತ ಕೇಳ್ಬೇಕು."

ಚೆನ್ನಾಗಿಲ್ಲ ಎಂದರೆ?

"ಅಡುಗೆ ಬರಲ್ಲ ಅವರಿಗೆ. ನಾನೇ ಮಾಡ್ಕೊಟ್ಟು ಬರ್ತೀನಿ."