ಅಂಗಿಯಿಲ್ಲದ ರಾಜ

ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ನಾನು ಮಂಗಳೂರಿನಲ್ಲಿ ಬಿ.ಎ. ಓದುತ್ತಿದ್ದೆ. ನನ್ನ ಊರು ಬ್ರಹ್ಮಾವರ. ಹಾಸ್ಟೆಲಿನಲ್ಲಿ ಕೋಣೆಯ ಜೊತೆಗಾರ ಗುಲ್ವಾಡಿಯ ಬೇಸಾಯಗಾರರ ಮಗ. ಅವನು ಮಾತು ಶುರುಮಾಡಿದರೆ ಪಂಕ್ತಿಯಲ್ಲಿ ಎಲ್ಲರ ಅನ್ನವೂ ಆರಿಹೋಗುತ್ತಿತ್ತು. ಅಂಥವನು ಎರಡನೆಯ ವರ್ಷಕ್ಕೆ ಬರುವಷ್ಟರಲ್ಲಿ ಮಾತನ್ನೇ ಬಿಟ್ಟ.

ತರಗತಿಯಲ್ಲಿ ವಕೀಲರ, ಹೆಂಚಿನ ಕಾರ್ಖಾನೆಯವರ ಮಕ್ಕಳಿದ್ದರು. ಅವರದು ಕಂಡು ಇವನಿಗೂ ಕೈಗಡಿಯಾರ ಬೇಕಾಯಿತು. ತಾಯಿ ಹೇಗೋ ಕೊಡಿಸಿದರು. ಒಂದಷ್ಟು ದಿನ ಅಂಗಿಯ ತೋಳು ಮಡಚಿಕೊಂಡೇ ಓಡಾಡಿದ. ಆಮೇಲೆ ಬಂಗಾರದ ಮೊನೆಯ ಪೆನ್ನು, ರೇಷ್ಮೆ ಅಂಗಿ, ಬೂಟು. ಹೊಸದು ಬಂದಾಗ ಕುಣಿಯುತ್ತಿದ್ದ. ಇನ್ನೊಬ್ಬನ ಮೈಮೇಲೆ ಅದಕ್ಕಿಂತ ಚಂದದ್ದು ಕಂಡರೆ ಊಟ ಬಿಡುತ್ತಿದ್ದ. ಕೊನೆಗೆ ನಿದ್ದೆ ಬಾರದಾಯಿತು, ಗೋಡೆಗೆ ಮುಖ ಮಾಡಿ ಮಲಗಿಬಿಟ್ಟ. ಮೈಯಲ್ಲಿ ರೋಗವಿಲ್ಲ, ಮನಸ್ಸು ಸೋತಿದೆ, ಊರಿಗೆ ಕರೆದುಕೊಂಡು ಹೋಗು ಎಂದು ಡಾಕ್ಟರು ನನಗೆ ಹೇಳಿದರು.

“ಮನಿಗ್ ಹೋತಿಲ್ಲೆ,” ಎಂದ ಅವನು. “ಅಬ್ಬಿಗ್ ಹ್ಯಾಂಗ್ ಮೋರಿ ತೋರ್ಸುದ್?”

ಇಷ್ಟೆಲ್ಲ ಖರ್ಚು ಮಾಡಿಸಿದ ಮೇಲೆ ತಾಯಿಯ ಎದುರು ನಿಲ್ಲಲು ಅವನಿಗೆ ನಾಚಿಕೆ. ಹಾಗಾಗಿ ನಮ್ಮ ಮನೆಗೇ ಕರೆದುಕೊಂಡು ಬಂದೆ.

ಆಷಾಢದ ಮಳೆಗೆ ನಮ್ಮ ಚಾವಡಿಯಲ್ಲಿ ತಾಳಮದ್ದಳೆ ಇಟ್ಟಿದ್ದರು. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಹಾಡಿದ ಪದಕ್ಕೆ ಕುಳಿತಲ್ಲೇ ಮಾತಿನಲ್ಲಿ ಅರ್ಥ ಹೇಳಬೇಕು. ಅವತ್ತು ಹೊಳೆ ಏರಿ ದೋಣಿ ನಿಂತಿತ್ತು. ರಾಜನ ಅರ್ಥ ಹೇಳಬೇಕಾದವರು ಬರಲೇ ಇಲ್ಲ.

ಇವನ ಹಿಂದಿನ ಮಾತುಗಾರಿಕೆಯನ್ನು ನನ್ನಿಂದ ಕೇಳಿದ್ದ ದೊಡ್ಡಪ್ಪ ಮೂಲೆಯಲ್ಲಿದ್ದ ಇವನನ್ನು ಕೂಗಿದರು. “ಹ್ವಾಯ್, ಕಾಲೇಜಿನವ್ರೇ! ಬನ್ನಿ, ರಾಜ ಆಯ್ನಿ!”

“ನನ್ನ ಅಂಗಿ ಒದ್ದಿ ಆಯ್ತ್,” ಎಂದ ಇವನು ತಲೆ ತಗ್ಗಿಸಿ.

ಪಂಚೆಯೊಂದನ್ನೇ ಉಟ್ಟಿದ್ದ ದೊಡ್ಡಪ್ಪ ತಮ್ಮ ಬರಿಯ ಹೊಟ್ಟೆ ತಟ್ಟಿಕೊಂಡು ನಕ್ಕರು. “ಇಲ್ ಅಂಗಿ ಯಾರಿಗಿತ್ತ್ ಮಾರಾಯ್ರೆ? ಕೂಕಣಿ!” ಎಂದು ಇವನನ್ನು ಬರಿಮೈಯಲ್ಲೇ ಕೂರಿಸಿದರು.

ಮದ್ದಳೆ ಗುಡುಗಿತು. ಪದ ಮುಗಿಯಿತು. ಇವನು ತಲೆ ತಗ್ಗಿಸಿ ಚಾಪೆಯ ಕಡ್ಡಿ ಕೀಳುತ್ತ ಕುಳಿತ. ಎದುರಿಗೆ ರಾಯಭಾರಿಯಾಗಿ ಕುಳಿತ ದೊಡ್ಡಪ್ಪ ಬೇಕೆಂದೇ ಕೆಣಕಿದರು: “ಸಿಂಹಾಸನದಿಂದ ನಿನಗೆ ಬೆಲೆಯೋ, ನಿನ್ನಿಂದ ಸಿಂಹಾಸನಕ್ಕೋ, ರಾಜ?”

ಇವನು ತಟ್ಟನೆ ತಲೆಯೆತ್ತಿದ. “ರಾಯಭಾರಿ, ನಾನು ಎದ್ದು ಹೋದರೆ ಇದು ಬರೀ ಮರದ ಹಲಗೆ. ಬೇಕಿದ್ದರೆ ಹೊತ್ತುಕೊಂಡು ಹೋಗು!”

ಚಾವಡಿಯಿಡೀ ಹೋ ಎಂದಿತು! ಅಲ್ಲಿಂದ ಮುಂದೆ ಅವನನ್ನು ಹಿಡಿಯುವವರಿರಲಿಲ್ಲ. ದೊಡ್ಡಪ್ಪ ಒಂದೆಂದರೆ ಇವನು ನಾಲ್ಕು. ಮಳೆಯ ಸದ್ದನ್ನು ಮೀರಿ ಅವನ ಸ್ವರ ಏರಿತು. ಹೆಂಗಸರು ಅಡುಗೆಮನೆ ಬಿಟ್ಟು ಬಾಗಿಲಿಗೆ ಬಂದರು. ನಾನಂತೂ ಕುಳಿತಲ್ಲಿ ಕೂರಲಾರದೆ ಕಂಬ ಹಿಡಿದುಕೊಂಡು ನಿಂತಿದ್ದೆ.

ಮಂಗಳ ಹಾಡಿದ ಮೇಲೆ ಅವನು ಗಂಜಿಗೆ ಕುಳಿತ. ಎರಡು ಸಲ ಬಡಿಸಿಕೊಂಡ. “ನಾಳೆ ಗುಲ್ವಾಡಿಗ್ ಹೋಪ. ನೀನೂ ಬತ್ಯಾ?” ಎಂದು ಕೇಳಿದ.

ಕಾಯಿಲೆ ಒಂದೇ ದಿನದಲ್ಲಿ ಬಿಟ್ಟುಹೋಯಿತೆಂದಲ್ಲ. ಗುಲ್ವಾಡಿಯಿಂದ ಕಾಲೇಜಿಗೆ ಮರಳಿದ ಮೇಲೂ ಮಂಕಾಗಿ ಕೂರುವ ದಿನಗಳಿದ್ದವು. ಆದರೆ ಆಗೆಲ್ಲ ನನ್ನನ್ನು ಎಬ್ಬಿಸಿ, “ಬಾ, ಜಗಳ ಆಡುವ” ಎನ್ನುತ್ತಿದ್ದ; ಅವನು ರಾಜ, ನಾನು ರಾಯಭಾರಿ. ಆ ವರ್ಷ ಹಾಸ್ಟೆಲಿನಲ್ಲಿ ಒಂದು ತಾಳಮದ್ದಳೆ ಕೂಟವನ್ನೇ ಕಟ್ಟಿದೆವು. ಹೆಂಚಿನ ಕಾರ್ಖಾನೆಯವರ ಮಗ ತಾಳ ಹಿಡಿದ. ಅವನ ತಾಳ ಒಮ್ಮೆಯೂ ಸರಿ ಬೀಳಲಿಲ್ಲ. ನಮ್ಮ ರಾಜ ಅವನನ್ನು ಬೈಯುವುದು ಮೂರು ಕೋಣೆಯಾಚೆಗೂ ಕೇಳಿಸುತ್ತಿತ್ತು!