ಪುದಿಯಾಪ್ಳೆಯ ಕಾರು

ಕುಲಶೇಖರದ ಅಯ್ಯೂಬರ ಮನೆಯಲ್ಲಿ ಒಳ್ಳೆಯ ವಸ್ತುಗಳೆಲ್ಲ ಆ ಮನೆಯಲ್ಲಿ ವಾಸವಿಲ್ಲದವರಿಗೆ ಮೀಸಲು. ಚಿನ್ನದ ಅಂಚಿನ ಪಿಂಗಾಣಿ ತಟ್ಟೆಗಳು ಅಳಿಯನಿಗೆ. ಎ.ಸಿ. ಇರುವ ಒಂದೇ ಕೋಣೆ ಅಳಿಯನಿಗೆ. ಅಳಿಯ ಶಿಹಾಬ್ ಮಗಳು ನಜ್ಲಾಳೊಂದಿಗೆ ದುಬೈಯಲ್ಲಿದ್ದಾನೆ, ವರ್ಷಕ್ಕೊಮ್ಮೆ ಬರುತ್ತಾನೆ. ಮದುವೆಯಾಗಿ ಎಷ್ಟೋ ವರ್ಷವಾದರೂ ಅಯ್ಯೂಬರಿಗೆ ಅವನಿನ್ನೂ ಪುದಿಯಾಪ್ಳೆ, ಅಂದರೆ ಹೊಸ ಅಳಿಯ. ಬ್ಯಾರಿಗಳಲ್ಲಿ ಪುದಿಯಾಪ್ಳೆಗೆ ಸಲ್ಲುವ ಮರ್ಯಾದೆ ದೊಡ್ಡದು. ಅದಕ್ಕೆ ನಿವೃತ್ತಿಯ ವಯಸ್ಸೂ ಇದೆ ಎಂಬುದನ್ನು ಮಾತ್ರ ಅಯ್ಯೂಬ್ ಒಪ್ಪಲಿಲ್ಲ.

ಹಾಗಾಗಿ ಕಾರು ಕೂಡ ಪುದಿಯಾಪ್ಳೆಗೇ ಮೀಸಲು. ಹಂಪನಕಟ್ಟೆಯ ತಮ್ಮ ಬ್ಯಾಗು, ಕೊಡೆಗಳ ಅಂಗಡಿಗೆ ಅಯ್ಯೂಬ್ ಸ್ಕೂಟರಿನಲ್ಲಿ ಹೋಗುತ್ತಾರೆ. ಹೆಂಡತಿ ಆಯಿಶಾ ಮೊಣಕಾಲು ನೋವಿನ ಚಿಕಿತ್ಸೆಗೆ ಸಿಟಿ ಬಸ್ಸಿನಲ್ಲಿ ಹೋಗುತ್ತಾರೆ. ಬಸ್ಸಿನ ಮೆಟ್ಟಿಲು ಹತ್ತುವುದೇ ಅರ್ಧ ವ್ಯಾಯಾಮ ಎಂಬುದು ಅಯ್ಯೂಬರ ವೈದ್ಯಕೀಯ ಅಭಿಪ್ರಾಯ. ಕಾರು ಅಂಗಳದಲ್ಲಿ ಹೊದಿಕೆ ಹೊದ್ದು ಮಲಗಿರುತ್ತದೆ. ಬೆಳಿಗ್ಗೆ ಪೈಪ್ ಹಿಡಿದು ಚಕ್ರದ ಸಂದುಸಂದಿಗೂ ನೀರು ಬಿಟ್ಟು ಅದನ್ನು ಮೀಯಿಸಿ, ಧೂಳು ಕೂರುವ ಮೊದಲೇ ಒದ್ದೆ ಮೈಗೆ ಹೊದಿಕೆ ಎಳೆಯುವುದು ಅವರ ನಿತ್ಯದ ಕೆಲಸ. ಸೀಟುಗಳ ಪ್ಲಾಸ್ಟಿಕ್ ಹಾಳೆ ಶೋರೂಮಿನಿಂದ ಬಂದ ಹಾಗೆಯೇ ಇದೆ.

ಶುಕ್ರವಾರ ಬರುತ್ತೇವೆಂದು ನಜ್ಲಾ ಫೋನು ಮಾಡಿದ ಮರುದಿನ ಅಯ್ಯೂಬ್ ಹೊದಿಕೆ ತೆಗೆದು ಕಾರು ಹೊರಡಿಸಿದರು. ಗೇಟು ದಾಟುವ ಮೊದಲೇ ಮುಂದಿನ ಚಕ್ರಗಳ ಕಡೆಯಿಂದ ಸದ್ದು ಬಂತು. ಅರೆಯುವ ಕಲ್ಲಿಗೆ ಅಕ್ಕಿಯ ಜೊತೆ ಮರಳು ಬಿದ್ದಂಥ ಸದ್ದು.

ಕಳೆದ ಸಲ ಅಯ್ಯೂಬರಿಗೆ ಜ್ವರವಿದ್ದುದರಿಂದ ಆಯಿಶಾರ ತಮ್ಮ ಉಬೈದ್ ತನ್ನ ದೊಡ್ಡ ಗಾಡಿಯಲ್ಲಿ ಅಳಿಯನನ್ನು ವಿಮಾನ ನಿಲ್ದಾಣದಿಂದ ಕರೆತಂದಿದ್ದ. ಆ ಉಪಕಾರವನ್ನು ಅವನು ಪ್ರತಿ ಮದುವೆಯ ಊಟದಲ್ಲೂ ಬಿರಿಯಾನಿಗಿಂತ ಮೊದಲು ಬಡಿಸುತ್ತಿದ್ದ. ಈ ಸಲವೂ ಅವನಿಗೆ ಅವಕಾಶ ಸಿಕ್ಕರೆ ತಲೆ ಎತ್ತುವುದು ಹೇಗೆ? ಸದ್ದಿನ ಸುದ್ದಿ ಅದಾಗಲೇ ಅವನಿಗೆ ಮುಟ್ಟಿತ್ತು.

"ಭಾವ, ಟೆನ್ಷನ್ ಬೇಡ, ನನ್ನ ಗಾಡಿ ಉಂಟಲ್ಲ" ಎಂದ ಫೋನಿನಲ್ಲಿ.

"ನನ್ನ ಗಾಡಿಗೆ ಎಂತದೂ ಆಗ್ಲಿಲ್ಲ" ಎಂದು ಹೇಳಿ ಅಯ್ಯೂಬ್ ನೇರ ರೂಪೇಶನ ಗ್ಯಾರೇಜಿಗೆ ಹೊರಟರು. ಆಯಿಶಾ ಹಿಂದಿನ ಸೀಟಿನಲ್ಲಿ ಕೂತರು. ಕೆಟ್ಟ ಕಾರಿನಲ್ಲಿ ಹೆಂಡತಿ ಕೂರುವುದಕ್ಕೆ ನಿಷೇಧವಿರಲಿಲ್ಲ.

"ಎಂತ ಅಯ್ಯೂಬಾಕ, ಮದಿಮಾಳನ್ನು ಹೊರಗೆ ತಂದಿದ್ದೀರಿ?" ಎಂದ ರೂಪೇಶ್, ಮದುಮಗಳಂತೆ ಜೋಪಾನವಾಗಿದ್ದ ಕಾರನ್ನು ನೋಡಿ.

"ಗೇರ್‌ಬಾಕ್ಸ್ ಹೋಗಿದೆ ಮಾರಾಯ." ಒಂದು ಕಾಲದಲ್ಲಿ ಸೌದಿಯ ದಮ್ಮಾಮಿನ ಟಯರ್ ಅಂಗಡಿಯ ಗಲ್ಲೆಯಲ್ಲಿ ಕೂತ ಅನುಭವವನ್ನು ಅಯ್ಯೂಬ್ ಕಾರಿನ ಉಳಿದೆಲ್ಲ ಅಂಗಗಳಿಗೂ ವಿಸ್ತರಿಸಿಕೊಂಡಿದ್ದರು.

"ಗೇರ್‌ಬಾಕ್ಸ್ ಅಲ್ಲ, ಚಕ್ರದ ಬೇರಿಂಗ್. ನಂಗೆ ದೂರದಿಂದ ಕೇಳಿದ್ರೇ ಗೊತ್ತಾಗ್ತದೆ."

"ಇಬ್ರೂ ಕಿವಿಯಲ್ಲೇ ರಿಪೇರಿ ಮಾಡುದಾದ್ರೆ ನಾವು ಮನೆಯಿಂದ ಫೋನಲ್ಲೇ ಕೇಳಿಸ್ತಿದ್ದೆವು" ಎಂದರು ಆಯಿಶಾ. "ಓಡಿಸಿ ನೋಡುದಕ್ಕೆ ಎಂತ ಕಷ್ಟ?"

ರೂಪೇಶ್ ಓಡಿಸಿ ನೋಡಿದ. ನಿಂತಲ್ಲೇ ಎಂಜಿನ್ ಏರಿಸಿದಾಗ ಸದ್ದಿಲ್ಲ, ಎಂಜಿನಿನ ದೋಷವಲ್ಲ. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಬಿಟ್ಟರೂ ಸದ್ದು ಚಕ್ರದ ವೇಗಕ್ಕೆ ಸರಿಯಾಗಿ ಏರಿ ಇಳಿಯಿತು. ಗೇರ್‌ಬಾಕ್ಸಿನ ಮೇಲಿನ ಅನುಮಾನ ತೆಳುವಾಯಿತು. ಎಡಕ್ಕೆ, ಬಲಕ್ಕೆ ವಾಲಿಸಿದ. ಬೇರಿಂಗ್ ಸವೆದಿದ್ದರೆ ಭಾರ ಬದಲಾದಾಗ ಸದ್ದೂ ಬದಲಾಗಬೇಕಿತ್ತು, ಆಗಲಿಲ್ಲ. ಬ್ರೇಕ್ ಮೆಟ್ಟಿದಾಗ ಮಾತ್ರ ಅದು ಎರಡು ಪಟ್ಟು ಜೋರಾಯಿತು. ಬೇರಿಂಗಿನ ವಿಷಯವನ್ನು ರೂಪೇಶ್ ಮತ್ತೆ ಎತ್ತಲಿಲ್ಲ.

ಚಕ್ರ ಕಳಚಿದಾಗ ಬ್ರೇಕಿನ ಡಿಸ್ಕ್ ಮಣ್ಣಿನ ಹೆಂಚಿನ ಬಣ್ಣಕ್ಕೆ ತಿರುಗಿತ್ತು. ಬ್ರೇಕ್ ಪ್ಯಾಡ್ ತಿಂಗಳುಗಟ್ಟಲೆ ಒಂದೇ ಕಡೆ ಒರಗಿ ನಿಂತ ಗುರುತು ಅಚ್ಚೊತ್ತಿದಂತೆ ಕಾಣುತ್ತಿತ್ತು. ಪ್ಯಾಡನ್ನು ಹಿಂದೆಮುಂದೆ ಸರಿಸುವ ಪಿನ್ನುಗಳು ಒಣಗಿ ಬಿಗಿದಿದ್ದವು.

"ಇದು ದುಡಿದು ಹಾಳಾದದ್ದಲ್ಲ ಅಯ್ಯೂಬಾಕ, ಮಲಗಿ ಹಾಳಾದದ್ದು."

"ಮಲಗಿದ್ದಾ? ನಾನು ದಿನಾ ಮೀಯಿಸ್ತೇನೆ."

"ಅದೇ ಹೇಳಿದ್ದು. ಮೊದಲೇ ಕಡಲಿನ ಉಪ್ಪು ಗಾಳಿ. ದಿನಾ ಮೀಯಿಸಿ ಒದ್ದೆ ಮೈಗೆ ಕಂಬಳಿ ಹೊದಿಸಿದ್ರೆ ನಿಮ್ಗೂ ತುಕ್ಕು ಹಿಡಿತದೆ."

ಅವನು ಡಿಸ್ಕನ್ನೂ ಪ್ಯಾಡನ್ನೂ ಮರಳು ಕಾಗದದಿಂದ ಉಜ್ಜಿದ. ಪಿನ್ನುಗಳನ್ನು ಬಿಡಿಸಿ ಗ್ರೀಸ್ ಹಚ್ಚಿದ. ಸದ್ದು ತಗ್ಗಿತು, ಪೂರ್ತಿ ಹೋಗಲಿಲ್ಲ.

"ಇನ್ನು ಉಳಿದದ್ದು ಓಡಿಸಿ, ಬ್ರೇಕ್ ಹಾಕಿಯೇ ಹೋಗ್ಬೇಕು. ದಿನಾ ಓಡಿಸಿ."

"ದಿನಾ?" ಅಯ್ಯೂಬ್ ಕಂಗಾಲಾದರು. "ಸುಮ್ನೆ ಎಲ್ಲಿಗೆ ಅಂತ ಹೋಗುದು?"

ಹಿಂದಿನ ಸೀಟಿನಿಂದ ಉತ್ತರ ಬಂತು. "ನಂಗೆ ಒಂದು ಜಾಗ ಗೊತ್ತುಂಟು. ಬಸ್ಸಿನ ಮೆಟ್ಟಿಲು ಹತ್ತದೆ ಹೋದ್ರೂ ಅವ್ರು ಮೊಣಕಾಲಿಗೆ ಚಿಕಿತ್ಸೆ ಕೊಡ್ತಾರೆ."

ಅಂದಿನಿಂದ ಆಯಿಶಾ ಕಾರಿನಲ್ಲಿ ಚಿಕಿತ್ಸೆಗೆ ಹೋದರು. ಬರುವಾಗ ಬ್ರೇಕಿನ ನೆಪದಲ್ಲಿ ಸುರತ್ಕಲ್‌ವರೆಗೆ ಹೋಗಿ ತಂಗಿಯ ಮನೆಯಲ್ಲಿ ಚಹಾ ಕುಡಿದರು. ಹಿಂದೆ ಕೂತರೆ ಕಾಲು ಮಡಚಬೇಕೆಂದು ಮುಂದಿನ ಸೀಟಿಗೆ ಬಂದರು, ಅದರ ಪ್ಲಾಸ್ಟಿಕ್ಕನ್ನು ಕೇಳದೆಯೇ ಕಿತ್ತು ಬಿಸಾಡಿದರು. ಅಯ್ಯೂಬರ ಕಿವಿ ಚಕ್ರದ ಮೇಲಿತ್ತು. ಗುರುವಾರದ ಹೊತ್ತಿಗೆ ಸದ್ದು ಪೂರ್ತಿ ನಿಂತಿತು.

ಶುಕ್ರವಾರ ವಿಮಾನ ನಿಲ್ದಾಣಕ್ಕೆ ಉಬೈದನೂ ಬಂದಿದ್ದ, ಸುಮ್ಮನೆ, ತನ್ನ ದೊಡ್ಡ ಗಾಡಿಯಲ್ಲಿ. ಭಾವನ ಕಾರು ಹತ್ತಿರ ಬರುವಾಗ ಅವನು ಕುತ್ತಿಗೆ ಓರೆ ಮಾಡಿ ಕೇಳಿಸಿಕೊಂಡ. ಅವನಿಗೆ ಬೇಕಾದದ್ದು ಸಿಗಲಿಲ್ಲ.

ಶಿಹಾಬ್ ವಾಡಿಕೆಯಂತೆ ಮುಂದಿನ ಬಾಗಿಲು ತೆರೆದ. ಅಲ್ಲಿ ಅತ್ತೆ ಕೂತಿದ್ದರು. ಅವರು ಇಳಿಯಲಿಲ್ಲ.

"ಹಿಂದೆ ಕೂತ್ಕೊ ಮೋನೆ. ಬ್ರೇಕಿಗೆ ನಾನೇ ಮದ್ದು."

ಅಯ್ಯೂಬರ ಮುಖ ಕೆಂಪಾಯಿತು. ಆದರೆ ಪುದಿಯಾಪ್ಳೆ ನಗುತ್ತ ನಜ್ಲಾಳ ಪಕ್ಕ ಕೂತ. ಕಾರು ಗುಡ್ಡದ ರಸ್ತೆ ಇಳಿಯತೊಡಗಿತು. ಮೊದಲ ತಿರುವಿನಲ್ಲೇ ಹಿಂದಿನಿಂದ ಪರಪರ ಸದ್ದು.

"ಮಾವ, ಇದೆಂತ ಶಬ್ದ?"

ಅಯ್ಯೂಬ್ ವೇಗ ತಗ್ಗಿಸಿದರು. ಆಯಿಶಾ ಹಿಂತಿರುಗಿ ನೋಡದೆ ಹೇಳಿದರು:

"ನೀನು ಕೂತಿದ್ದೀಯಲ್ಲ, ಆ ಪ್ಲಾಸ್ಟಿಕ್ಕು. ನಿನ್ನ ಮಾವನಲ್ಲಿ ಕೇಳಿದ್ರೆ ಗೇರ್‌ಬಾಕ್ಸ್ ಅಂತಾರೆ."

ಸ್ವಲ್ಪ ಹೊತ್ತಿನಲ್ಲಿ ನಜ್ಲಾ ಹಿಂದೆ ಪ್ಲಾಸ್ಟಿಕ್ ಹರಿಯುವುದು ಕೇಳಿಸಿತು. ಅಯ್ಯೂಬ್ ಕನ್ನಡಿಯಲ್ಲಿ ನೋಡಲಿಲ್ಲ. ಇಳಿಜಾರಿನಲ್ಲಿ ಬೇಕಿಲ್ಲದಿದ್ದರೂ ಒಮ್ಮೆ ಬ್ರೇಕ್ ಮೆಟ್ಟಿ, ಕಿವಿಗೊಟ್ಟು, ಮುಂದೆ ಹೋದರು.