ಮಾರಿದ ಜಮಖಾನದ ಹಳೇ ವಿಳಾಸ

ನನ್ನ ತವರುಮನಿ ನವಲಗುಂದದಾಗ ಐತಿ. ಆ ಮನ್ಯಾಗ ಜಮಖಾನ ನೇಯೂದನ್ನ ಸೊಸಿಗೆ ಕಲಸ್ತಾರ, ಮಗಳಿಗೆ ಕಲಸೂದಿಲ್ಲ. ಮಗಳು ನಾಳೆ ಮದಿವ್ಯಾಗಿ ಹೋಗಾಕಿ, ಹೋಗುಮುಂದ ಕಸಬನ್ನೂ ಕಟಗೊಂಡು ಹೋದ್ರ ಹೆಂಗ ಅಂತ ಹೆದರಿಕಿ. ಸಣ್ಣಾಕಿ ಇದ್ದಾಗ ನಾ ಮಗ್ಗದ ಹತ್ತರ ಕೈ ಒಯ್ದ್ರ ಸಾಕು, ಅಮ್ಮಿ ಆ ಕೈಮ್ಯಾಲೆ ಪಟ್ ಅಂತ ಹೊಡದು ಅತ್ತಾಗ ಕಳಸ್ತಿದ್ಲು. ಆ ಸಿಟ್ಟು ಇನ್ನೂ ಪೂರಾ ಇಳದಿಲ್ಲ, ಸುಳ್ಳ್ಯಾಕ ಹೇಳ್ಲಿ. ಮಗ್ಗ ಕೊಡಲಿಲ್ಲಲಾ, ನಾ ಕಂಪ್ಯೂಟರ್ ಹಿಡದೆ. ಕಾಲೇಜಿನಾಗ ಇದ್ದಾಗ ನಮ್ಮ ಮನಿ ಜಮಖಾನಕ್ಕ ಒಂದು ವೆಬ್‌ಸೈಟ್ ಮಾಡಿದೆ. ಒಂದೊಂದು ಜಮಖಾನಕ್ಕ ಒಂದೊಂದು ಪೇಜು, ಅದರ ಫೋಟೋ, ಅದನ್ನ ಯಾರು ನೇಯ್ದ್ರು, ಏನೇನು ಬಣ್ಣ, ಎಲ್ಲಾ ಬರದೆ.

ಅಮ್ಮಿ ತೀರಿಕೊಂಡ ಮ್ಯಾಲೆ ಮಗ್ಗದ ಮುಂದ ಉಳದಾಕಿ ನಮ್ಮ ಚಾಚಿ ಒಬ್ಬಾಕಿನ, ಅಂದ್ರ ಅಪ್ಪನ ತಮ್ಮನ ಹೆಂಡ್ತಿ. ಅಣ್ಣನ ಹೆಂಡ್ತಿ, ನಮ್ಮ ಭಾಬಿ, ಸಾಲಿ ಟೀಚರು. ಮುಂಜಾನೆ ಬಸ್ ಹತ್ತಿದ್ರ ಸಂಜಿಗೆ ಬರಾಕಿ, ಆಕಿಗೆ ಮಗ್ಗ ಬ್ಯಾಡಾಗಿತ್ತು, ಅದನ್ನ ತಪ್ಪು ಅನ್ನಾಕ ಬರೂದಿಲ್ಲ. ಚಾಚಿಗೆ ಬರೂ ಆರ್ಡರ್ ಅಷ್ಟೂ ಆ ಸೈಟಿನಿಂದನ ಬರ್ತಿದ್ದುವು. ಯಾರರ ಫೋನಿನಾಗ ನವಲಗುಂದದ ಜಮಖಾನ ಅಂತ ಹುಡಕಿದ್ರ ಮೊದಲು ನಮ್ಮದ ಕಾಣತಿತ್ತು. ಅಣ್ಣಗ ಮಗ್ಗ ಇದ್ದ ಪಡಸಾಲಿಯೊಳಗ ಝೆರಾಕ್ಸ್ ಅಂಗಡಿ ಹಾಕೂ ಆಸೆ. ಕೆಟ್ಟಾಂವ ಅಲ್ಲ ಅಂವ. ಆರ್ಡರ್ ಬರೂತನಕ ಮಗ್ಗ ಇರಲಿ, ರಮಜಾನ ಬರೂದ್ರಾಗ ಕಡಿಮಿ ಆದ್ವು ಅಂದ್ರ ಬಿಚ್ಚಿಡೂಣು ಅಂತ ಚಾಚಿಗೆ ಸಮಾಧಾನದಿಂದನ ಹೇಳಿದ್ದ. ಚಾಚಿ ಹೂಂ ಅಂದಿದ್ಲು.

ಇದರಾಗ ಸೈಟಿಗೆ ವಯಸ್ಸಾತು. ಅದನ್ನ ಯಾವ ಸಾಫ್ಟ್‌ವೇರಿನ ಮ್ಯಾಲೆ ಕಟ್ಟಿದ್ದೆನೋ ಅದನ್ನ ಯಾರೂ ನೋಡಿಕೊಳ್ಳದಂಗ ಆಗಿ, ಫೋನಿನಾಗ ತಗದ್ರ ಇದು ಸುರಕ್ಷಿತ ಅಲ್ಲ ಅಂತ ಬರಾಕ ಹತ್ತಿತು. ಹೊಸಾದರ ಮ್ಯಾಲೆ ಕಟ್ಟೂದು ಬಿಟ್ರ ಹಾದಿನ ಇರಲಿಲ್ಲ. ಹುಬ್ಬಳ್ಳಿಯ ಒಬ್ಬ ಎಂಜಿನಿಯರು ನಾ ಮಾಡಿ ಕೊಡ್ತೀನ್ರಿ, ಚಿಂತಿ ಬಿಡ್ರಿ ಅಂದ್ರು. ಚಿಂತಿ ಹೆಂಗ ಬಿಡ್ಲಿ? ಹುಡುಕೂ ಯಂತ್ರಕ್ಕ ನಮ್ಮ ಗುರುತು ಇರೂದು ಹಳೇ ಪೇಜಿನ ವಿಳಾಸದಿಂದ. ಆ ವಿಳಾಸ ಅಳಿಸಿ ಹೋದ್ರ ಇಷ್ಟು ವರ್ಷದ ಗುರುತು ನೀರಾಗ ಹೋದಂಗ. ಅದಕ್ಕ ಹಳೇ ಪೇಜು ಒಂದೊಂದಕ್ಕೂ ಇಂಥಾ ಹೊಸಾ ಪೇಜಿಗೆ ಹೋಗು ಅಂತ ಹಾದಿ ಹಾಕಬೇಕು, ಒಂದೂ ಬಿಡಬಾರದು ಅಂತ ನಾ ಗಂಟುಬಿದ್ದೆ. ಅವರು ಒಪ್ಪಿದ್ರು.

ಒಪ್ಪದಾಕಿ ನಮ್ಮ ಚಾಚಿ. ಮಾರಿದ ಜಮಖಾನದ ಪೇಜು ಇಡಾಕ ಬರೂದಿಲ್ಲ ಅಂತ ಹಟಾ ಹಿಡದ್ಲು. ಮಾರಿದ ಮ್ಯಾಲೆ ಅದು ಅವರ ಮನೀದಾತು, ಅದರ ಫೋಟೋ ತೋರಿಸಿ ಇನ್ನೊಬ್ಬ ಗಿರಾಕಿನ್ನ ಕರಿಯೂದು ಮೋಸ ಅಂತ ಆಕಿ ವಾದ. ಇಷ್ಟು ವರ್ಷ ಅವೆಲ್ಲಾ ಸೈಟಿನಾಗ ಹಂಗ ಇದ್ವು ಅಂತ ಆಕಿಗೆ ಅವತ್ತ ಗೊತ್ತಾಗಿದ್ದು. ಅವನ್ನೆಲ್ಲಾ ತಗದ್ರ ಸೈಟಿನಾಗ ಉಳಿಯೂದು ಬೆರಳೆಣಿಕೆ. ಜನಾ ಹುಡಕಿಕೊಂಡು ಬರೂದು ಆ ಹಳೇ ಪೇಜಿಗೇ. ಚಾಚಿ ಜೋಡಿ ಜಗಳಾಡಿ ಸಾಕಾಗಿ, ಕಡೀಕೆ ಒಂದು ಮಾತಿಗೆ ಬಂದ್ವಿ. ಫೋಟೋ ತಗಿಯೂದು, ವಿಳಾಸ ಉಳಸೂದು. ಮಾರಿದ್ದನ್ನ ಹುಡಕಿಕೊಂಡು ಬಂದವರನ್ನ ಅದರ ತಂಗಿ ಅನ್ನುವಂಥಾ ಜಮಖಾನದ ಪೇಜಿಗೆ ಕಳಸೂದು.

ಯಾವುದಕ್ಕ ಯಾವುದು ತಂಗಿ ಅಂತ ನನಗೇನು ಗೊತ್ತು? ಅಣ್ಣಿಗೇರಿಯಿಂದ, ನನ್ನ ಗಂಡನ ಮನಿಯಿಂದ, ರಜಾ ದಿನಾ ಬಸ್ ಹಿಡದು ಬಂದು ಚಾಚಿ ಬಾಜು ಲ್ಯಾಪ್‌ಟಾಪ್ ಇಟಗೊಂಡು ಕುಂದ್ರತಿದ್ದೆ. ಈ ನವಿಲು ಮತ್ತ ಆ ನವಿಲು ಒಂದ ಏನು ಅಂತ ಕೇಳಿದ್ರ ಆಕಿಗೆ ನಗು. ಒಂದರ ಕುತ್ತಿಗಿ ಮೂಲ್ಯಾಗಿಂದ ಶುರು, ಇನ್ನೊಂದರದು ನಡುವಿನಿಂದ. ಎರಡು ಬಣ್ಣದ ನೂಲು ಕೂಡೂ ಜಾಗಾದಾಗ ಒಂದರೊಳಗ ಒಂದು ಹೆಂಗ ಸಿಗಸಬೇಕು, ಸಿಗಸದಿದ್ರ ಹೆಂಗ ಸೀಳು ಬಿಡ್ತೈತಿ, ಎಲ್ಲಾ ಹೇಳಿದ್ಲು. ಮೊದಮೊದಲು ಹೇಳುಮುಂದ ಬಾಗಲದ ಕಡೆ ನೋಡ್ತಿದ್ಲು, ಆಮ್ಯಾಲೆ ನೋಡೂದು ಬಿಟ್ಲು. ಒಂದಿನಾ ನನ್ನ ಬೆರಳು ಹಿಡದು ಮಗ್ಗದ ನೂಲಿನ ಮ್ಯಾಲೆನ ತೋರಿಸಿದ್ಲು. ನಾ ಪೇಜು ಜೋಡಸೂ ಗಡಿಬಿಡಿಯೊಳಗ ಇದ್ದೆ, ಅದರ ಕಡೆ ಅಷ್ಟು ಲಕ್ಷ್ಯ ಹೋಗಲಿಲ್ಲ.

ಹೊಸಾ ಸೈಟು ಚಾಲೂ ಆತು. ಫೋನು ಗಪ್ ಕುಂತಿತು. ಹುಡಕಿದ್ರ ನಾವು ಎಲ್ಲೋ ಕೆಳಗ. ಯಂತ್ರ ಪೇಜೆಲ್ಲಾ ಮತ್ತೊಮ್ಮೆ ಓದಿ ಗುರುತು ಹಿಡಿಯೂತನಕ ಹಿಂಗ ಆಗ್ತೈತಿ, ತಡೀರಿ ಅಂದ್ರು ಎಂಜಿನಿಯರು. ನಾ ತಡೀಬಹುದು, ರಮಜಾನ ತಡೀತೈತೇನು? ಒಂದಿನಾ ನಾ ಬಂದಾಗ ಅಣ್ಣ ಟೇಪ್ ಹಿಡದು ಪಡಸಾಲಿ ಅಳಿಯಾಕ ಹತ್ತಿದ್ದ. ಚಾಚಿ ಮಗ್ಗದ ಧೂಳಾ ಒರಸಾಕ ಹತ್ತಿದ್ಲು, ಇಬ್ಬರೂ ಒಬ್ಬರ ಮಾರಿ ಒಬ್ಬರು ನೋಡವಲ್ರು. ಇವೆಲ್ಲಾ ನನ್ನಿಂದನ ಆತು ಅನಿಸಿ, ಹೊಳ್ಳಿ ಹೋಗುಮುಂದ ಬಸ್ಸಿನಾಗ ಸೆರಗು ಮಾರಿಗೆ ಹಿಡಕೊಂಡು ಅತ್ತೆ.

ರಮಜಾನದ ಚಂದ್ರ ಕಾಣೂದು ಇನ್ನೇನು ಹತ್ತರ ಬಂತು ಅನ್ನೂದ್ರಾಗ ಪುಣೆಯಿಂದ ಒಬ್ಬ ಹೆಣ್ಣುಮಗಳ ಫೋನ್ ಬಂತು. ನಾವು ಎಂದೋ ಮಾರಿದ, ಪಗಡಿ ಹಾಸಿನ ಚಿತ್ರ ಇದ್ದ ಜಮಖಾನದ ಲಿಂಕನ್ನ ಆಕಿ ಗೆಳತಿ ಕಳಿಸಿದ್ಲಂತ. ಅದನ್ನ ಒತ್ತಿದಾಗ ಅದರ ತಂಗಿ ಸಿಕ್ಕಿತಂತ. ಇಂಥಾದ್ದ ಬೇಕ್ರಿ, ಆದ್ರ ದೊಡ್ಡದು, ಮನಿ ಹಾಲ್ ಪೂರಾ ಹಾಸೂವಷ್ಟು ಅಂದ್ಲು. ಆಕಿ ಹಿಂದ ಇನ್ನೊಬ್ಬರು, ಅವರ ಹಿಂದ ಮತ್ತೊಬ್ಬರು ಫೋನ್ ಮಾಡಿದ್ರು. ಸೈಟು ಮೆಲ್ಲಕ ತನ್ನ ಮೊದಲಿನ ಜಾಗಾಕ್ಕ ಬಂದು ಕುಂತಿತು.

ಅಣ್ಣ ಅದ ಟೇಪ್ ತಂದು ಪುಣೆಯಾಕಿ ಹೇಳಿದ ಅಗಲಾನ್ನ ಮಗ್ಗದ ಮ್ಯಾಲೆ ಅಳದ. ಅಷ್ಟು ಅಗಲ ನೇಯಾಕ ಇಬ್ಬರು ಬಾಜುಬಾಜು ಕುಂದ್ರಬೇಕು, ಇನ್ನೊಬ್ಬರು ಯಾರು ಅಂತ ಕೇಳಿದ. ಭಾಬಿ ತಲಿ ಕೆಳಗ ಹಾಕಿದ್ಲು.

ಚಾಚಿ ಮಗ್ಗದ ಮುಂದಿನ ಹಲಗಿ ಮ್ಯಾಲೆ ಚೂರು ಅತ್ತಾಗ ಸರದು ನನ್ನ ನೋಡಿ, "ಬಾ, ಕುಂದ್ರು" ಅಂದ್ಲು.

"ಚಾಚಿ, ಆಕಿ ಮಗಳು. ಕೊಟ್ಟ ಮನಿಯಾಕಿ" ಅಂದ ಅಣ್ಣ.

"ಗೊತ್ತೈತಿ" ಅಂದ್ಲು ಚಾಚಿ. "ಅರ್ಧಾ ಕಲಿಸೇಬಿಟ್ಟೇನಿ. ಉಳದರ್ಧಾ ನಾ ಯಾರ ಕೈಯಾಗ ಕೊಟ್ಟು ಹೋಗ್ಲಿ?"

ಅಣ್ಣ ಟೇಪ್ ಸುತ್ತಿ ಕಿಸೆದಾಗ ಇಟಗೊಂಡ. ನಾ ಹೋಗಿ ಕುಂತೆ. ನೂಲು ಬಡಿಯೂ ಕಬ್ಬಣದ ಪಂಜಾ ಚಾಚಿ ನನ್ನ ಕೈಯಾಗ ಕೊಟ್ಲು. ನಾ ಅನಕೊಂಡಿದ್ದಕ್ಕಿಂತ ಭಾಳ ವಜ್ಜಿ ಇತ್ತು, ಹೆಂಗ ಹಿಡೀಬೇಕು ತಿಳೀಲಿಲ್ಲ. ಅಮ್ಮಿ ಹೊಡೀತಿದ್ದ ಅದ ಕೈಮ್ಯಾಲೆ ಚಾಚಿ ತನ್ನ ಕೈಯಿಟ್ಟು ಹಿಂಗ ಹಿಡಿ ಅಂದ್ಲು.